ಹತ್ತಿದ್ದೆಷ್ಟು, ಇಳಿದದ್ದೆಷ್ಟು

ಅವರ ಶ್ರದ್ಧಾಂಜಲಿ ಸಭೆಯ ಕೇಸರಿಬಾತು ಬಹಳ ಚೆನ್ನಾಗಿತ್ತು ಅಂತ ಮಾರನೆಯ ದಿನ ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ನನಗೆ ಹೇಳಿದರು. ದ್ರಾಕ್ಷಿ ಗೋಡಂಬಿಗೆ ಕೈ ಹಿಡಿದಿರಲಿಲ್ಲವಂತೆ. ಸತ್ತವರ ಬಗ್ಗೆ ಮಾತ್ರ ಇಬ್ಬರೂ ಏನೂ ಹೇಳಲಿಲ್ಲ. ಹೇಳಬೇಕಾದರೆ ಏನಾದರೂ ಗೊತ್ತಿರಬೇಕಲ್ಲ.

ಕಲ್ಯಾಣ ಮಂಟಪದ ವೇದಿಕೆಯ ಮೇಲೆ ಥರ್ಮೋಕೋಲಿನ ಹಡಗೊಂದನ್ನು ಮಾಡಿ ನಿಲ್ಲಿಸಿದ್ದರು. ನೀಲಿ ಬಣ್ಣ, ಮೇಲೊಂದು ಹೊಗೆಕೊಳವೆ, ಕೊಳವೆಯ ಬಾಯಿಗೆ ಹೊಗೆ ಅಂತ ತುರುಕಿದ ಹತ್ತಿ. ಹಡಗಿನ ಪಕ್ಕದಲ್ಲಿ ಅವರ ಫೋಟೊ. ಅದರ ಪಕ್ಕದಲ್ಲಿ ಅದಕ್ಕಿಂತ ದೊಡ್ಡದಾಗಿ, ಸಭೆ ಏರ್ಪಡಿಸಿದ್ದ ಸಮಿತಿಯ ಅಧ್ಯಕ್ಷರ ಫೋಟೊ. ಬಂದವರು ಹೂವು ಹಾಕಿ, ತಿರುಗಿ ನಿಂತು, ಹಡಗು ಕಾಣುವ ಹಾಗೆ ಸೆಲ್ಫಿ ತೆಗೆದುಕೊಂಡು ಹೋಗುತ್ತಿದ್ದರು. ಬದುಕಿದ್ದಾಗ ಇವರಲ್ಲಿ ಒಬ್ಬರೂ ಅವರ ಮನೆಯ ಹೊಸಲು ದಾಟಿದವರಲ್ಲ. ಸತ್ತ ಎಮ್ಮೆ ಹತ್ತು ಸೇರು ಹಾಲು ಕೊಡುತ್ತಿತ್ತು ಅನ್ನುವುದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾದ ಮಾತಲ್ಲ.

ಕೊನೆಗೆ ಅಧ್ಯಕ್ಷರು ಮೈಕಿನ ಮುಂದೆ ಬಂದು, ಸತ್ತವರು ಬರೆದಿದ್ದ ಪುಟ್ಟ ಪುಸ್ತಕವನ್ನು ತೆರೆದು, ಅದರ ಕಡೆಯ ವಾಕ್ಯವನ್ನು ಓದಿದರು: 'ಮಳೆಗಾಲಕ್ಕೆ ಮುಂಚಿನ ಆ ಕಡೆಯ ಹಡಗು ತನ್ನ ಪ್ರಯಾಣಿಕರನ್ನೆಲ್ಲ ಸುಖವಾಗಿ ದಡ ಸೇರಿಸಿತು.' ಓದಿ ಕಣ್ಣೊರೆಸಿಕೊಂಡರು. ಮುಂದಿನ ಸಾಲಿನ ಹೆಂಗಸರೂ ಕಣ್ಣಿಗೆ ಸೆರಗು ಹಿಡಿದರು.

ಆ ವಾಕ್ಯ ಅವರದ್ದಲ್ಲ, ನನ್ನದು. ಅದು ಶುದ್ಧ ಸುಳ್ಳು. ಮೂರು ಜನ ದಡ ಸೇರಿರಲಿಲ್ಲ. ಆ ಮೂವರ ವಿಷಯ ಒಂದು ಕಡೆ ಅಚ್ಚಾಗಲಿ ಅಂತಲೇ ಆ ಮನುಷ್ಯ ಎಂಬತ್ತು ದಾಟಿದ ಮೇಲೆ ಪೆನ್ನು ಹಿಡಿದಿದ್ದರು. ಆ ಪುಟವನ್ನು ತೆಗೆದು ಅಲ್ಲಿ ಈ ಸಾಲನ್ನು ಕೂರಿಸಿದವನು ನಾನು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬಂಗಾರಪೇಟೆಯಿಂದ ಊರಿಗಾಂವರೆಗೆ ಲೈಟು ಕಂಬಕ್ಕೊಂದು ಫ್ಲೆಕ್ಸು ಕಟ್ಟಿ ಸಮಿತಿಯವರು ಆ ಹೆಸರನ್ನು ಸಾಕಷ್ಟು ಬಿಸಿಲಿಗೆ ಒಣಗಿಸಿದ್ದಾರೆ. ನಾನು ಅವರನ್ನು ಯಜಮಾನ್ರೇ ಅನ್ನುತ್ತಿದ್ದೆ. ಅವರು ನನ್ನನ್ನು ಮೇಷ್ಟ್ರೇ ಅನ್ನುತ್ತಿದ್ದರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದವನು ನಾನು. ಅಷ್ಟೇ ಸಾಕು.

ಪರಿಚಯವಾದದ್ದು ಬಸ್ಸಿನಲ್ಲಿ. ಊರಿಗಾಂ ಕಡೆಯಿಂದ ಬಂಗಾರಪೇಟೆಗೆ ಬರುವ ಬೆಳಗಿನ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಈ ಮನುಷ್ಯ ಬಾಗಿಲ ಪಕ್ಕದಲ್ಲೇ ಕಂಬ ಹಿಡಿದು ನಿಂತಿರುತ್ತಿದ್ದರು. ಎಡಗೈಯ ಹೆಬ್ಬೆರಳು ಅದೇ ಕೈಯ ಗೆಣ್ಣುಗಳ ಮೇಲೆ ಓಡಾಡುತ್ತಿರುತ್ತಿತ್ತು. ಜಪ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ. ಒಂದು ದಿನ ಕಂಡಕ್ಟರು ರೇಗಿದ. "ತಾತಾ, ದಿನಾ ಅದೇನು ಬಾಗಿಲಲ್ಲಿ ನಿಂತು ಎಣಿಸ್ತೀಯ? ಚೆಕಿಂಗ್ ಇನ್‌ಸ್ಪೆಕ್ಟರಾ ನೀನು?"

"ಅಲ್ಲ ಕಣ್ಲಾ. ಅತ್ತಿದ್ದೆಷ್ಟು, ಇಳ್ದಿದ್ದೆಷ್ಟು, ನೀನು ಬರ್ಕಂಡಿದ್ದೀಯಾ?"

"ಟಿಕೆಟ್ ಲೆಕ್ಕ ಮಿಷನ್‌ನಲ್ಲೇ ಇರ್ತದೆ ಬಿಡು."

"ಟಿಕೀಟು ಲೆಕ್ಕ ಕೇಳ್ಲಿಲ್ಲ ಕಣ್ಲಾ ನಾನು. ಜನದ ಲೆಕ್ಕ ಕೇಳ್ದೆ."

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಅವರು ಮಾತ್ರ ನಗದೆ, ಮುಂದಿನ ಸ್ಟಾಪಿನಲ್ಲಿ ಇಳಿದ ಹೆಂಗಸಿನ ಹಿಂದೆ ಮಗು ಇಳಿಯಿತೋ ಇಲ್ಲವೋ ಅಂತ ಬಗ್ಗಿ ನೋಡಿದರು. ಮದುವೆ ಮನೆಯಲ್ಲೂ ಇದೇ ಕೆಲಸ, ಸಾವಿನ ಮನೆಯಲ್ಲೂ ಇದೇ. ಸ್ಕೂಲಿನ ಟೆಂಪೊ ನಿಂತರೆ ಮಕ್ಕಳನ್ನು ಎಣಿಸಿ, ಡ್ರೈವರನ್ನು ಇಳಿಸಿ, ಸೀಟಿನ ಕೆಳಗೆ ಒಂದು ಸಲ ನೋಡು ಅನ್ನುತ್ತಿದ್ದರು. ಊರಿನವರು ಅವರಿಗೆ ತಲೆ ಸರಿಯಿಲ್ಲ ಅಂತ ತೀರ್ಮಾನ ಮಾಡಿ ಮುಗಿಸಿದ್ದರು.

ಹುಟ್ಟಿದ್ದು ಕ್ಯಾಸಂಬಳ್ಳಿ ಕಡೆಯ ಹಳ್ಳಿಯಲ್ಲಿ. ಕೆರೆ ಬಿಟ್ಟರೆ ಬೇರೆ ನೀರು ಕಾಣದ ಜನ. ಹದಿನೆಂಟು ತುಂಬುವ ಹೊತ್ತಿಗೆ ಒಬ್ಬ ಮೇಸ್ತ್ರಿಯ ಜೊತೆ ಮಂಗಳೂರಿನ ಹೆಂಚಿನ ಕಾರ್ಖಾನೆಗೆ ಹೋದವರು, ಅಲ್ಲಿ ಮಣ್ಣು ತುಳಿದು ಸಾಕಾಗಿ, ಕರಾವಳಿಯ ಉದ್ದಕ್ಕೂ ಬೊಂಬಾಯಿಯವರೆಗೆ ಓಡಾಡುತ್ತಿದ್ದ ಹೊಗೆಹಡಗಿನಲ್ಲಿ ಖಲಾಸಿಯಾಗಿ ಸೇರಿಕೊಂಡರು. ಖಲಾಸಿ ಅಂದರೆ ಹಗ್ಗ ಎಳೆಯುವವನು, ಡೆಕ್ಕು ತೊಳೆಯುವವನು, ಏಣಿ ಇಳಿಬಿಟ್ಟು ಜನರನ್ನು ಹತ್ತಿಸಿ ಇಳಿಸುವವನು.

ಈಗ ನಮ್ಮಲ್ಲಿ ಕೆಲವರಿಗೆ ಹಳೆಯ ಹಡಗು ಅಂದರೆ ಬೆಳದಿಂಗಳು, ತಂಗಾಳಿ, ಬಿಳಿ ಸಮವಸ್ತ್ರದ ಕ್ಯಾಪ್ಟನ್ನು ನೆನಪಾಗುತ್ತವೆ. ಸಮುದ್ರವನ್ನು ಟೀವಿಯಲ್ಲಿ ಮಾತ್ರ ನೋಡಿದವರಿಗೆ ಇದು ಇನ್ನೂ ಹೆಚ್ಚು. ಯಜಮಾನ್ರ ಮುಂದೆ ಒಂದು ಸಲ ನಾನೂ ಹೀಗೇನೋ ಬಡಬಡಿಸಿದೆ. ಅವರು ಮುಖ ಸಿಂಡರಿಸಿದರು.

"ಅಡ್ಗು ಅಂದ್ರೆ ವಾಂತಿ ಮೇಷ್ಟ್ರೇ. ಮೇಲ್ಗಡೆ ಸಾಹೇಬ್ರ ಕ್ಯಾಬಿನ್ನು, ಗಾಜಿನ ಲೋಟ, ಬಿಳಿ ಬಟ್ಟೆ. ಕೆಳ್ಗಡೆ ಡೆಕ್ಕಿನಾಗೆ ನಮ್ಮಂತೋರು. ಕೋಳಿ ಪಂಜ್ರ, ಒಣ ಮೀನಿನ ಮೂಟೆ, ಬಾಣ್ತಿ, ಮುದುಕ್ರು, ಎಲ್ಲಾ ಒಂದೇ ಚಾಪೇಲಿ. ಒಬ್ರು ಕಕ್ಕುದ್ರೆ ಸಾಲಾಗಿ ಎಲ್ರೂ ಕಕ್ಕೋರು. ಬೆಳಿಗ್ಗೆ ಎದ್ದು ಅದನ್ನ ಬಳ್ದು ಸಮುದ್ರಕ್ಕೆ ಆಕೋನು ನಾನು. ತಂಗಾಳಿಯಂತೆ ತಂಗಾಳಿ!"

ಮಂಗಳೂರು, ಭಟ್ಕಳ, ಹೊನ್ನಾವರ, ಕುಮಟೆ, ಕಾರವಾರ ಅಂತ ಅವರು ಬಂದರುಗಳನ್ನು ಹೇಳುತ್ತಿದ್ದ ರೀತಿ ನಮ್ಮ ರೈಲಿನವರು ಸ್ಟೇಷನ್ನುಗಳ ಹೆಸರು ಹೇಳುವ ಹಾಗೆ ಇರುತ್ತಿತ್ತು. ರಸ್ತೆಗಳೂ ಸೇತುವೆಗಳೂ ಇಲ್ಲದ ಕಾಲದಲ್ಲಿ ಕರಾವಳಿಗೆ ಹಡಗೇ ಬಸ್ಸು. ಆದರೆ ಎಷ್ಟೋ ಕಡೆ ಹಡಗು ದಡದವರೆಗೆ ಬರುತ್ತಿರಲಿಲ್ಲ. ಆಳ ಸಾಲದು ಅಂತ ದೂರದಲ್ಲೇ ಲಂಗರು ಹಾಕಿ ನಿಲ್ಲುತ್ತಿತ್ತು. ಅಲ್ಲಿಂದ ಪಡಾವು ಅನ್ನುವ ದೊಡ್ಡ ದೋಣಿಗೆ ಜನರನ್ನು ಇಳಿಸಬೇಕು. ಹಡಗು ಒಂದು ಕಡೆ ಏಳುತ್ತದೆ, ದೋಣಿ ಇನ್ನೊಂದು ಕಡೆ ಬೀಳುತ್ತದೆ. ಎರಡೂ ಒಂದು ಮಟ್ಟಕ್ಕೆ ಬಂದ ಗಳಿಗೆಯಲ್ಲಿ 'ಆರು', ಅಂದರೆ ಹಾರು, ಅಂತ ಕೂಗಿ ಜನರನ್ನು ಹಾರಿಸಬೇಕು. ಅದು ಇವರ ಕೆಲಸ. ಮಳೆಗಾಲ ಶುರುವಾದರೆ ಹಡಗುಗಳೆಲ್ಲ ಬಂದ್. ಹಾಗಾಗಿ ಮಳೆಗೆ ಮುಂಚಿನ ಕಡೆಯ ಹಡಗಿಗೆ ಜನ ಮುಗಿಬೀಳುತ್ತಿದ್ದರು. ಅದು ತಪ್ಪಿದರೆ ನಾಲ್ಕು ತಿಂಗಳು ಊರು ಕಾಣುವ ಹಾಗಿಲ್ಲ. ಆಮೇಲೆ ರಸ್ತೆ ಬಂತು, ಸೇತುವೆ ಬಂತು, ಬಸ್ಸು ಬಂತು. ಹಡಗುಗಳು ಒಂದೊಂದಾಗಿ ಗುಜರಿಗೆ ಹೋದವು. ಆದರೆ ಇವರು ಅದಕ್ಕಿಂತ ಮೊದಲೇ, ಒಂದು ಮಳೆಗಾಲದ ಮೊದಲ ವಾರದಲ್ಲಿ, ಸಂಬಳವನ್ನೂ ಕೇಳದೆ ಊರಿಗೆ ಬಂದುಬಿಟ್ಟಿದ್ದರು. ಆಮೇಲೆ ಸಾಯುವವರೆಗೆ ಮೀನು ಮುಟ್ಟಲಿಲ್ಲ.

ಊರಿಗೆ ಬಂದವರು ಚಿನ್ನದ ಗಣಿಯ ಟೈಮ್ ಆಫೀಸು ಸೇರಿದರು. ಕೆಲಸ ಟೋಕನ್ ಕೊಡುವುದು. ಗಣಿಗೆ ಇಳಿಯುವ ಪ್ರತಿಯೊಬ್ಬನಿಗೂ ನಂಬರು ಹೊಡೆದ ಒಂದು ಹಿತ್ತಾಳೆ ಬಿಲ್ಲೆ. ಇಳಿಯುವಾಗ ಅದನ್ನು ಹಲಗೆಯ ಮೊಳೆಯಿಂದ ತೆಗೆದುಕೊಂಡು ಹೋಗಬೇಕು, ಮೇಲೆ ಬಂದ ಮೇಲೆ ಅದೇ ಮೊಳೆಗೆ ತಗುಲಿಸಬೇಕು. ಮೊಳೆ ಖಾಲಿ ಇದ್ದರೆ ಮನುಷ್ಯ ಇನ್ನೂ ಭೂಮಿಯ ಒಳಗಿದ್ದಾನೆ ಅಂತ ಅರ್ಥ. ನಂದಿದುರ್ಗ ಗಣಿಯ ಲೈನುಮನೆಗಳ ಹೆಂಗಸರಿಗೆ ಗಡಿಯಾರಕ್ಕಿಂತ ಆ ಹಲಗೆಯ ಮೇಲೆ ನಂಬಿಕೆ.

ಇವರ ಹಲಗೆಯಲ್ಲಿ ಒಂದು ಮೊಳೆ ಖಾಲಿ ಉಳಿದ ಕಥೆಯನ್ನು ಹಳೆಯ ಗಣಿ ಕಾರ್ಮಿಕರು ಇವತ್ತಿಗೂ ಹೇಳಿ ನಗುತ್ತಾರೆ. ಮಧ್ಯಾಹ್ನದ ಪಾಳಿ ಬದಲಾಗಿತ್ತು. ಎಲ್ಲರೂ ಬಂದಿದ್ದಾರೆ, ಒಂದು ಬಿಲ್ಲೆ ಬಂದಿಲ್ಲ. ಆ ಬಿಲ್ಲೆಯವನು ಮೇಲೆ ಬಂದದ್ದನ್ನು ನೋಡಿದೆವು ಅಂತ ಇಬ್ಬರು ಹೇಳಿದರು. ಸಾಹೇಬ ಲೆಕ್ಕ ಮುಚ್ಚು ಅಂದ. ಇವರು ಮುಚ್ಚಲಿಲ್ಲ. ಬಿಲ್ಲೆ ಕಣ್ಣಾರೆ ಕಾಣುವವರೆಗೆ ಮುಂದಿನ ಪಾಳಿಗೆ ಟೋಕನ್ ಕೊಡುವುದಿಲ್ಲ ಅಂತ ಹಲಗೆಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ಸಾಹೇಬ ಬೈದ, ಇನ್ನೊಬ್ಬ ಕೈ ಎತ್ತಿದ. ಕೊನೆಗೆ ಯಾರೋ ಸೈಕಲ್ಲಿನಲ್ಲಿ ಹೋಗಿ ಆ ಆಸಾಮಿಯನ್ನು ಬಂಗಾರಪೇಟೆಯ ದನದ ಸಂತೆಯಿಂದ ಹಿಡಿದು ತಂದರು. ಬಿಲ್ಲೆ ಅವನ ಲುಂಗಿಯ ಗಂಟಿನಲ್ಲೇ ಇತ್ತು. "ಮರಂದುಟ್ಟೇನ್ ಅಣ್ಣಾ" ಅಂದ ಅವನು, ಮರೆತುಬಿಟ್ಟೆ ಅಂತ. ಇವರು ಅವನ ಕೆನ್ನೆಗೆ ಒಂದು ಬಿಟ್ಟು, ಬಿಲ್ಲೆಯನ್ನು ಮೊಳೆಗೆ ಹಾಕಿ, ಅಲ್ಲೇ ಕುಸಿದು ಕೂತು ಅತ್ತರಂತೆ. ಕಥೆ ಹೇಳುವವರು ನಗುವುದು ಇಲ್ಲೇ. ಅಳುವ ಮೊದಲು ಸಾಹೇಬನಿಗೆ ಅವರು ಹೇಳಿದ ಮಾತನ್ನು ಯಾರೂ ನೆನಪಿಟ್ಟುಕೊಂಡಿಲ್ಲ, ನನಗೆ ಅವರೇ ಹೇಳಿದ್ದು: "ಲೆಕ್ಕ ಸರಿ ಓಗಾದೇ ಬೇರೆ, ಜನ ಬರಾದೇ ಬೇರೆ ಸಾ."

ಊರಿಗಾಂನ ಲೈನಿನಲ್ಲಿ ಅವರದು ಎರಡು ಕೋಣೆಯ ಮನೆ. ಜೊತೆಗೆ ಮಗಳು, ಗಾರ್ಮೆಂಟ್ಸಿಗೆ ಹೋಗುತ್ತಿದ್ದ ಗಟ್ಟಿ ಹೆಂಗಸು. ಗಾಳಿ ಎದ್ದರೆ, ಗಣಿಯ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬದ ಬಿಳಿ ಪುಡಿ ಅನ್ನದ ತಟ್ಟೆಗೇ ಬರುವ ಜಾಗ. ಮೊದಲ ಸಲ ಹೋದಾಗ ನಾನು ದೇವರ ಪಟಗಳ ಪಕ್ಕದ ಗೋಡೆಯಲ್ಲಿ ಸಾಲಾಗಿ ಮೂರು ಮೊಳೆ ಖಾಲಿ ಇರುವುದನ್ನು ನೋಡಿ, ನನ್ನ ಕೈಚೀಲವನ್ನು ಒಂದಕ್ಕೆ ತಗುಲಿಸಿದೆ. ಅವರು ಎದ್ದು ಬಂದು, ಚೀಲವನ್ನು ತೆಗೆದು ನನ್ನ ತೊಡೆಯ ಮೇಲೆ ಇಟ್ಟರು.

"ಆ ಮೊಳೆ ಖಾಲಿ ಇರ್ಬೇಕು ಮೇಷ್ಟ್ರೇ."

ಯಾಕೆ ಅಂತ ಹೇಳುವುದಕ್ಕೆ ಅವರಿಗೆ ಇನ್ನೂ ಮೂರು ವರ್ಷ ಬೇಕಾಯಿತು. ಹೇಳಿದ್ದೂ ಬಾಯಿಂದಲ್ಲ. ಒಂದು ದಿನ ನನ್ನ ಮನೆಗೆ ಬಂದು ನಲವತ್ತು ಪುಟದ ಸ್ಕೂಲ್ ನೋಟ್‌ಬುಕ್ಕನ್ನು ಟೇಬಲ್ಲಿನ ಮೇಲಿಟ್ಟರು. ತಾನು ಕೆಲಸ ಮಾಡಿದ ಹಡಗುಗಳು, ಕಲ್ಲಿದ್ದಲು ತುಂಬುತ್ತಿದ್ದ ಬಗೆ, ಬಂದರುಗಳು, ಪಡಾವಿನವರ ಜಗಳ, ಎಲ್ಲ ಅದರಲ್ಲಿತ್ತು. ಕಡೆಯ ಪುಟದಲ್ಲಿ ಆ ಮೂರು ಮೊಳೆಗಳ ವಿಷಯ: ಮಳೆಗೆ ಮುಂಚಿನ ಕಡೆಯ ಹಡಗಿನಿಂದ ಇಳಿಯುವಾಗ ಪಡಾವು ಮಗುಚಿ ಸತ್ತ ಮೂರು ಜನ. ಯಾವ ಪುಸ್ತಕದಲ್ಲೂ ಇಲ್ಲದ ಮೂರು ಜನ.

"ಮೊದ್ಲಿನ ಪುಟ ಎಲ್ಲಾ ಬೇಕಿದ್ರೆ ಅರ್ದು ಬಿಸಾಕಿ. ಕಡೇದು ಒಂದು ಅಚ್ಚಾಗ್ಲಿ. ಅವ್ರು ಎಲ್ಲಾದ್ರೂ ಒಂದು ಕಡೆ ಲೆಕ್ಕಕ್ಕೆ ಬರ್ಲಿ," ಅಂದರು. ನಾನು ಕೈ ಹಿಡಿದು ಮಾತು ಕೊಟ್ಟೆ.

ಅಧ್ಯಕ್ಷರು ಬಂದದ್ದು ಆಮೇಲೆ. ಬಯಲುಸೀಮೆಯಲ್ಲಿ ಒಬ್ಬ ಹಡಗಿನ ಮನುಷ್ಯ ಇದ್ದಾನೆ ಅನ್ನುವ ಸುದ್ದಿ ಅವರ ಕಿವಿಗೆ ಬಿತ್ತು. ಸನ್ಮಾನ, ಶಾಲು, ಹಣ್ಣಿನ ಬುಟ್ಟಿ, ಪುಸ್ತಕ ಬಿಡುಗಡೆ, ಎಲ್ಲ ತಮ್ಮ ಕಲ್ಯಾಣ ಮಂಟಪದಲ್ಲೇ ಅಂತ ಗೊತ್ತು ಮಾಡಿದರು. ನೋಟ್‌ಬುಕ್ಕಿನ ಕಡೆಯ ಪುಟ ಓದಿದವರು ಕನ್ನಡಕ ತೆಗೆದರು.

"ಮೇಷ್ಟ್ರೇ, ಶುಭ ಸಮಾರಂಭದಲ್ಲಿ ಸಾವು ಯಾಕೆ? ಅದೂ ಅಲ್ದೆ ಇದರಲ್ಲಿ ಅವರದ್ದೇ ತಪ್ಪು ಅಂತ ಬರ್ಕೊಂಡಿದ್ದಾರೆ. ಸನ್ಮಾನ ಮಾಡಿಸ್ಕೊಳ್ಳೋ ಮನುಷ್ಯನೇ ತಪ್ಪಿತಸ್ಥ ಅಂದ್ರೆ ನಮ್ಮ ಮಾನ ಏನಾಗ್ಬೇಕು? ಚೆನ್ನಾಗಿ ಮುಗಿಸಿ. ಸಂಪಾದಕರು ಅಂತ ನಿಮ್ಮ ಹೆಸರು ಮುಖಪುಟದಲ್ಲೇ ಹಾಕಿಸ್ತೀನಿ."

ನಾನು ಬೇಡ ಅನ್ನಬಹುದಿತ್ತು. ನೋಟ್‌ಬುಕ್ಕನ್ನು ಎತ್ತಿಕೊಂಡು ಹೊರಗೆ ಬರಬಹುದಿತ್ತು. ಮೂವತ್ತು ವರ್ಷ ಮಕ್ಕಳ ಕೈಯಲ್ಲಿ 'ಸತ್ಯವನ್ನೇ ನುಡಿ' ಅಂತ ಕಾಪಿ ಬರೆಸಿದವನು ನಾನು. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ. ಮುಖಪುಟದಲ್ಲಿ ನನ್ನ ಹೆಸರು ಯಾವ ಬಣ್ಣದಲ್ಲಿರುತ್ತದೆ ಅಂತ ಮಾತ್ರ ಕೇಳಿದೆ. ಇದನ್ನು ಬರೆಯುವಾಗಲೂ ನನ್ನ ಬಗ್ಗೆ ನನಗೆ ಹೇಸಿಗೆಯಾಗುತ್ತದೆ. ಆವತ್ತು ಆಗಲಿಲ್ಲ. ಆವತ್ತು ಮನೆಗೆ ಹೋಗಿ, ಕಾಫಿ ಕುಡಿದು, ಆ 'ಸುಖವಾಗಿ ದಡ ಸೇರಿಸಿತು' ಅನ್ನುವ ವಾಕ್ಯವನ್ನು ಎರಡು ಸಲ ತಿದ್ದಿ ನಯ ಮಾಡಿದೆ.

ಬಿಡುಗಡೆಯ ದಿನ ಅವರಿಗೆ ಪೇಟ ತೊಡಿಸಿದ್ದರು. ಅದು ಹಣೆಯ ಮೇಲೆ ಜಾರುತ್ತಿತ್ತು. ಭಾಷಣಗಳು ನಡೆಯುತ್ತಿದ್ದಾಗ ಅವರು ವೇದಿಕೆಯ ಮೇಲೇ ಪುಸ್ತಕದ ಹಿಂದಿನಿಂದ ಪುಟ ತಿರುಗಿಸತೊಡಗಿದರು. ಪಕ್ಕದ ಕುರ್ಚಿಯಲ್ಲಿದ್ದ ನಾನು ಮೈಕಿನ ಕಡೆ ನೋಡುತ್ತಾ ಕೂತೆ. ಕಡೆಯ ಪುಟದ ಮೇಲೆ ಅವರ ಬೆರಳು ಒಂದೊಂದೇ ಅಕ್ಷರದ ಮೇಲೆ ನಡೆಯಿತು. ಒಂದು ಸಲ, ಇನ್ನೊಂದು ಸಲ. ಆಮೇಲೆ ಹೆಬ್ಬೆರಳು ಗೆಣ್ಣುಗಳ ಮೇಲೆ ಓಡಿತು.

"ಮೇಷ್ಟ್ರೇ," ಅಂದರು ಮೆಲ್ಲಗೆ, "ಮೂರು ಜನ ಕಮ್ಮಿ ಬತ್ತಾವ್ರೆ."

"ಮುಂದಿನ ಮುದ್ರಣದಲ್ಲಿ ಸೇರಿಸೋಣ ಯಜಮಾನ್ರೇ," ಅಂದೆ. ಹೇಳುವಾಗ ನನ್ನ ಮುಖದಲ್ಲಿ ನಗು ಇತ್ತು. ಆ ಫೋಟೊ ನನ್ನ ಹತ್ತಿರ ಇದೆ.

ಅವರು ಬೈಯಲಿಲ್ಲ. ಬೈದಿದ್ದರೆ ನಾನು ಇಷ್ಟು ಕೆಟ್ಟವನಾಗಿ ಉಳಿಯುತ್ತಿರಲಿಲ್ಲವೇನೋ. ಪೇಟ ತೆಗೆದು ಕುರ್ಚಿಯ ಮೇಲಿಟ್ಟು, ಶಾಲು ಮಡಿಸಿ ಅದರ ಪಕ್ಕದಲ್ಲಿಟ್ಟು, ಸಭೆ ನಡೆಯುತ್ತಿದ್ದ ಹಾಗೆಯೇ ಇಳಿದು ಬಸ್ ಸ್ಟ್ಯಾಂಡಿಗೆ ಹೋದರು. ವಯಸ್ಸಾಯಿತು, ಮೂತ್ರಕ್ಕೆ ಹೋಗಿರಬೇಕು ಅಂತ ಅಧ್ಯಕ್ಷರು ಮೈಕಿನಲ್ಲೇ ತಮಾಷೆ ಮಾಡಿದರು. ಮಂಟಪವೆಲ್ಲ ನಕ್ಕಿತು. ಆಮೇಲೆ ಯಜಮಾನ್ರು ಬದುಕಿದ್ದ ಹತ್ತು ತಿಂಗಳಲ್ಲಿ ನನ್ನ ಮನೆಗೆ ಬರಲಿಲ್ಲ. ಬಸ್ಸಿನಲ್ಲಿ ಕಂಡರೆ ನನ್ನನ್ನೂ ಎಣಿಸುತ್ತಿದ್ದರು, ಅಷ್ಟೇ. ನೋಟ್‌ಬುಕ್ಕನ್ನು ವಾಪಸು ಕೇಳಲಿಲ್ಲ, ನಾನಾಗಿ ಕೊಡಲೂ ಇಲ್ಲ.

ಹೋದ ತಿಂಗಳು ಸತ್ತರು. ಶ್ರದ್ಧಾಂಜಲಿ ಸಭೆಯಲ್ಲಿ ನನ್ನ ಸುಳ್ಳನ್ನು ಅಧ್ಯಕ್ಷರು ಓದಿ ಅತ್ತರಲ್ಲ, ಆಗ ನಾನು ಎದ್ದು ನಿಂತು ಹೇಳಬಹುದಿತ್ತು. ಇದು ಅವರ ಮಾತಲ್ಲ, ಸ್ವಾಮಿ, ನಾನು ಸೇರಿಸಿದ್ದು ಅಂತ ಒಂದು ಮಾತು. ಕೂತೇ ಇದ್ದೆ. ಅಷ್ಟರಲ್ಲಿ ಯಾರೋ ಎಲೆಯ ದೊನ್ನೆಯಲ್ಲಿ ಕೇಸರಿಬಾತು ತಂದು ಕೈಗಿಟ್ಟರು. ಅದನ್ನು ತಿಂದೆ. ಬಿಸಿಯಾಗಿತ್ತು, ತುಪ್ಪ ಬೆರಳಿಗೆ ಮೆತ್ತಿಕೊಂಡಿತು. ಮನೆಗೆ ಬಂದು ಸೋಪು ಹಾಕಿ ಎಷ್ಟು ತೊಳೆದರೂ ಆ ಜಿಡ್ಡು ಹೋದ ಹಾಗೆ ಅನಿಸಲಿಲ್ಲ.

ಮೂರು ದಿನ ಬಿಟ್ಟು ನೋಟ್‌ಬುಕ್ ಹಿಡಿದುಕೊಂಡು ಊರಿಗಾಂಗೆ ಹೋದೆ. ಭಾನುವಾರ, ಮಗಳು ಮನೆಯಲ್ಲಿದ್ದಳು. ಒಳಗೆ ಹೋಗಿ ಕೂತು ತಲೆ ಎತ್ತಿದರೆ, ಗೋಡೆಯ ಮೂರು ಮೊಳೆಗಳೂ ತುಂಬಿದ್ದವು. ಒಂದಕ್ಕೆ ಹಾರ ಹಾಕಿದ ಅವರ ಫೋಟೊ. ಒಂದಕ್ಕೆ ಅಧ್ಯಕ್ಷರ ಮುಖವಿದ್ದ ಕ್ಯಾಲೆಂಡರು. ನಡುವಿನದಕ್ಕೆ ಸಮಿತಿಯವರು ಕೊಟ್ಟ ನೆನಪಿನ ಕಾಣಿಕೆ, ಚಿನ್ನದ ಬಣ್ಣ ಬಳಿದ ಪ್ಲಾಸ್ಟಿಕ್ ಹಡಗು.

"ಯಾರಮ್ಮ ಇದೆಲ್ಲ ತಗ್ಲಾಕಿದ್ದು?"

"ಸಮಿತಿಯೋರೇ ಬಂದು ಆಕಿ ಓದ್ರು ಮೇಷ್ಟ್ರೇ. ಅಪ್ಪ ಇದ್ದಾಗ ಆ ಮೊಳೆಗೆ ಒಂದು ಟವಲ್ಲೂ ಆಕೋಕೆ ಬಿಡ್ತಿರ್ಲಿಲ್ಲ. ಯಾಕೆ ಅಂತ ಕೇಳುದ್ರೆ ಯೋಳ್ತಾನೂ ಇರ್ಲಿಲ್ಲ. ಈಗ ಅವ್ರೇ ಇಲ್ವಲ್ಲ, ಇರ್ಲಿ ಅಂತ ಸುಮ್ಕಾದೆ."

"ಅವರು ಹೇಳಿದ್ದಾರೆ. ನಾನು ಮುಚ್ಚಿಟ್ಟೆ," ಅಂದೆ. ನೋಟ್‌ಬುಕ್ ತೆರೆದು ಕಡೆಯ ಪುಟವನ್ನು ಓದಿದೆ. ಆಕೆ ನನ್ನ ಕಡೆ ಒಂದು ಸಲ ನೋಡಿದಳು. ಡೆಕ್ಕಿನ ಮೇಲಿನ ವಾಂತಿಯನ್ನು ಅವಳಪ್ಪ ಹಾಗೆ ನೋಡಿರಬೇಕು. ಆಮೇಲೆ ಸ್ಟೂಲು ಎಳೆದುಕೊಂಡು ಹತ್ತಿ, ಹಡಗನ್ನು ತೆಗೆದಳು, ಕ್ಯಾಲೆಂಡರನ್ನು ತೆಗೆದಳು, ಅಪ್ಪನ ಫೋಟೊವನ್ನೂ ತೆಗೆದು ಕೆಳಗೆ ಗೋಡೆಗೆ ಒರಗಿಸಿದಳು. ನನಗೆ ಕಾಫಿ ಕೊಡಲಿಲ್ಲ. ಕೊಡದೇ ಇದ್ದದ್ದೇ ಸರಿ.

ನಾನು ಅಲ್ಲಿ ಓದಿದ್ದು, ಪುಸ್ತಕದಿಂದ ತೆಗೆದದ್ದು, ಅವರು ಮಾತಾಡುತ್ತಿದ್ದ ಹಾಗೆಯೇ ಬರೆದದ್ದು, ಒಂದಕ್ಷರವನ್ನೂ ತಿದ್ದದೆ ಕೊಡುತ್ತಿದ್ದೇನೆ:

"ಮಳೆಗೆ ಮುಂಚೆ ಅದೇ ಕಡೇ ಅಡ್ಗು. ಟಿಕೀಟು ಮುಗ್ದೋಗಿತ್ತು. ಒಬ್ಳು ಎಂಗಸು ಬಂದ್ಲು. ಕಂಕುಳಾಗೆ ಕೂಸು, ಸೆರಗು ಇಡ್ಕಂಡು ಒಂದು ಎಣ್ಮಗ. ಅವ್ವಂಗೆ ಉಸಾರಿಲ್ಲ ಅಣ್ಣಾ, ಅತ್ತುಸ್ಕೋ ಅಂದ್ಲು. ಅತ್ತುಸ್ಕಂಡೆ. ಎಸ್ರು ಕೇಳ್ಲಿಲ್ಲ. ಇಳ್ಸೋವಾಗ ಆರು ಅಂತ ಕೂಗ್ದೋನೂ ನಾನೇ. ಪಡಾವು ಮಗುಚ್ತು. ಟಿಕೀಟು ಇದ್ದೋರೆಲ್ಲ ಸಿಕ್ಕುದ್ರು. ಲೆಕ್ಕ ಸರಿ ಓಯ್ತು ಅಂತ ಅಡ್ಗಿನ ಕಂಪ್ನಿ ಏಜೆಂಟು ಉಡ್ಕೋದು ನಿಲ್ಲುಸ್ದ. ಇನ್ನೂ ಮೂರು ಜನ ಅವ್ರೆ ಅಂತ ನಂಗೊಬ್ನಿಗೇ ಗೊತ್ತಿತ್ತು. ಟಿಕೀಟು ಇಲ್ದೆ ಅತ್ತುಸ್ದೆ ಅಂದ್ರೆ ಕೆಲ್ಸ ಓಯ್ತದೆ ಅಂತ ಬಾಯಿ ಮುಚ್ಕಂಡಿದ್ದೆ. ಅಡ್ಗು ಕೂಗಾಕ್ತು, ಒಲ್ಟೋಯ್ತು. ಆ ಮೂರು ಜನ ಇನ್ನೂ ಇಳ್ದಿಲ್ಲ."